ಸಿಟ್ಟಿಗೂ ಮಾತಿಗೂ ನಡುವೆ ಒಂದು ಉಸಿರು



ಮೊದಲಿಗೆ ನನ್ನದೇ ಒಂದು ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದಿನ ಮಾತು. ಜುಲೈ ತಿಂಗಳ ಒಂದು ರಾತ್ರಿ, ಮುಂಬಯಿಯ ಮಳೆ. ಲೋಕಲ್ ಗಾಡಿಗಳೆಲ್ಲ ತಡ. ಕುರ್ಲಾದಲ್ಲಿ ಮುಕ್ಕಾಲು ಗಂಟೆ ನಿಂತು, ತೊಯ್ದ ಬಟ್ಟೆಯಲ್ಲೇ ಮನೆ ಸೇರಿದಾಗ ಗಂಟೆ ಹತ್ತು. ಚಪ್ಪಲಿ ಬಿಡುವಷ್ಟರಲ್ಲಿ ಊರಿನಿಂದ ಅಮ್ಮನ ಫೋನು.

"ಊಟ ಆಯ್ತಾ? ಎರಡು ದಿನ ಆಯ್ತು, ಫೋನೇ ಇಲ್ಲ ನಿಂದು..."

"ಬರೀ ಇದೇ ಆಯ್ತಲ್ಲಮ್ಮ! ನನಗೇನು ಬೇರೆ ಕೆಲಸ ಇಲ್ವಾ?"

ಆ ಕಡೆ ಒಂದು ಗಳಿಗೆ ಮಾತಿಲ್ಲ. ಆಮೇಲೆ, "ಸರಿ ಬಿಡು, ಉಂಡು ಮಲಕ್ಕೋ" ಎಂದು ಅಮ್ಮ ಫೋನಿಟ್ಟಳು. ಮುಂದೆ ಹತ್ತು ದಿನ ಅವಳಾಗಿ ಫೋನ್ ಮಾಡಲಿಲ್ಲ. ನಾನೇ ಮಾಡಿ ಕೇಳಿದರೆ, "ನಿನಗೆ ಕೆಲಸ ಇರುತ್ತಲ್ಲಪ್ಪ" ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿದ್ದು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದಾರೆ. ಗಾದೆ ನಮಗೆಲ್ಲ ಬಾಯಿಪಾಠ. ಆದರೆ ಮೂಗು ಕೊಯ್ಯುವ ಆ ಗಳಿಗೆಯಲ್ಲಿ ಗಾದೆ ನೆನಪಿಗೆ ಬರುವುದಿಲ್ಲವಲ್ಲ, ಅದೇ ತೊಂದರೆ! ಆ ಗಳಿಗೆಯಲ್ಲಿ ಏನು ಮಾಡಬಹುದು ಎಂದು ಮನಶ್ಶಾಸ್ತ್ರ ಕಳೆದ ಕೆಲವು ದಶಕಗಳಲ್ಲಿ ಸಾಕಷ್ಟು ಅಭ್ಯಾಸ ಮಾಡಿದೆ. ಬನ್ನಿ, ಅದರಲ್ಲಿ ನಮ್ಮ ಮನೆಗೆ ಒದಗುವಂಥದ್ದು ಏನಿದೆ ಎಂದು ಈ ಸಲ ನೋಡೋಣ.

ಸಿಟ್ಟು ಬಂದಾಗ ಒಳಗೆ ಏನಾಗುತ್ತದೆ?

ನಮ್ಮ ಮಿದುಳಿನಲ್ಲಿ ಬಾದಾಮಿ ಬೀಜದ ಆಕಾರದ ಒಂದು ಪುಟ್ಟ ಭಾಗವಿದೆ. ಅದರ ಹೆಸರು ಅಮಿಗ್ಡಲಾ. ಅಪಾಯದ ಸೂಚನೆ ಕಂಡೊಡನೆ ಗಂಟೆ ಬಾರಿಸುವುದು ಅದರ ಕೆಲಸಗಳಲ್ಲೊಂದು. ಗಂಟೆ ಬಾರಿಸಿತೆಂದರೆ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ, ಎದೆ ಬಡಿತ ಏರುತ್ತದೆ, ಉಸಿರು ಚುಟುಕಾಗುತ್ತದೆ, ದವಡೆ ಬಿಗಿಯುತ್ತದೆ. ಹುಲಿ ಎದುರಾದರೆ ಓಡಲು ಅಥವಾ ಹೋರಾಡಲು ದೇಹ ಮಾಡಿಕೊಂಡ ಸಿದ್ಧತೆ ಇದು.

ಈಗ ಹುಲಿ ಎಲ್ಲಿದೆ? ತಪ್ಪಿಹೋದ ಗಾಡಿ, ಮೇಲಧಿಕಾರಿಯ ಒಂದು ಮಾತು, ಮಗುವಿನ ಪರೀಕ್ಷೆಯ ಅಂಕ, ಮನೆ ಬಾಡಿಗೆ ಏರಿಸುತ್ತೇನೆಂದ ಮಾಲೀಕ... ದೇಹ ಮಾತ್ರ ಅದೇ ಹಳೆಯ ಸಿದ್ಧತೆ ಮಾಡಿಕೊಳ್ಳುತ್ತದೆ. ಹೊರಗೆ ಹೊಮ್ಮಲು ದಾರಿ ಸಿಗದ ಆ ಬಿಸಿ ಮನೆಯ ಬಾಗಿಲಿನೊಳಗೆ ಬಂದು, ನಮ್ಮನ್ನು ಬಿಟ್ಟುಹೋಗಲಾರರು ಎಂದು ಗೊತ್ತಿರುವವರ ಮೇಲೆ ಸುರಿಯುತ್ತದೆ. ಹೆಂಡತಿಯ ಮೇಲೆ, ಗಂಡನ ಮೇಲೆ, ಮಕ್ಕಳ ಮೇಲೆ, ಊರಲ್ಲಿರುವ ಅಮ್ಮನ ಮೇಲೆ.

ಸಾವಧಾನ ಎಂಬ ಹಳೆಯ ಮಾತು

ಮೈಂಡ್‌ಫುಲ್‌ನೆಸ್ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಆಫೀಸಿನ ತರಬೇತಿಗಳಲ್ಲಿ, ಮೊಬೈಲಿನ ಆಪ್‌ಗಳಲ್ಲಿ ಈಗ ಅದರದೇ ಸುದ್ದಿ. ಈ ಕ್ಷಣದಲ್ಲಿ ಹೊರಗೂ ಒಳಗೂ ಏನು ನಡೆಯುತ್ತಿದೆಯೋ ಅದನ್ನು ಬೇಕೆಂದೇ ಗಮನಿಸುವುದು, ಸರಿ ತಪ್ಪು ಎಂಬ ತೀರ್ಪನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡುವುದು ಎಂಬುದು ಅದರ ತಿರುಳು.

ಬೌದ್ಧ ಧ್ಯಾನದ ಬೇರಿನಿಂದ ಬಂದ ಅಭ್ಯಾಸವಿದು. ಪಾಲಿ ಭಾಷೆಯಲ್ಲಿ ಇದನ್ನು 'ಸತಿ' ಎನ್ನುತ್ತಾರೆ, ನಮ್ಮ 'ಸ್ಮೃತಿ'ಯ ಒಡಹುಟ್ಟು. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಟ್-ಜಿನ್ ಎಂಬ ವಿಜ್ಞಾನಿ, ಬಹುಕಾಲದಿಂದ ನೋವು ಅನುಭವಿಸುತ್ತಿದ್ದ ರೋಗಿಗಳಿಗಾಗಿ ಇದನ್ನು ಕೆಲವು ವಾರಗಳ ಪಾಠವಾಗಿ ರೂಪಿಸಿದರು. ಧರ್ಮದ ಚೌಕಟ್ಟಿನಿಂದ ಹೊರಗಿಟ್ಟು ಆಸ್ಪತ್ರೆಗೆ ತಂದರು. ಅಲ್ಲಿಂದ ಅದು ಜಗತ್ತಿನೆಲ್ಲೆಡೆ ಹರಡಿತು. ಅದಕ್ಕೂ ಮೊದಲೇ, 1969ರಲ್ಲಿ, ಬರ್ಮಾದಿಂದ ಭಾರತಕ್ಕೆ ಬಂದ ಎಸ್. ಎನ್. ಗೋಯಂಕಾ ಅವರು ವಿಪಶ್ಯನ ಶಿಬಿರಗಳನ್ನು ಆರಂಭಿಸಿದ್ದರು. ನಾಸಿಕದ ದಾರಿಯಲ್ಲಿ ಇಗತ್‌ಪುರಿ ದಾಟುವಾಗ ಅಲ್ಲಿನ ಧಮ್ಮಗಿರಿಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು.

ಕನ್ನಡದಲ್ಲಿ ಇದಕ್ಕೊಂದು ಸೊಗಸಾದ ಪದ ಮೊದಲೇ ಇದೆ: ಸಾವಧಾನ. ಅವಧಾನ ಎಂದರೆ ಗಮನ. ಅಷ್ಟಾವಧಾನಿ ಎಂದರೆ ಎಂಟು ಕಡೆ ಗಮನವಿಡಬಲ್ಲವರು. ಗಮನದಿಂದ ಕೂಡಿದ್ದು ಸಾವಧಾನ. ಮರಾಠಿ ಮದುವೆಗಳಲ್ಲಿ ಅಂತರಪಟದ ಎರಡು ಕಡೆ ನಿಂತ ವಧೂವರರಿಗೆ ಪುರೋಹಿತರು ಹೇಳುವುದೂ ಈ ಪದವನ್ನೇ. ನಮ್ಮ ಆಡುಮಾತಿನಲ್ಲಿ ಮಾತ್ರ ಅದಕ್ಕೆ ಇನ್ನೊಂದು ಅರ್ಥವೂ ಸೇರಿಕೊಂಡಿದೆ. 'ಸಾವಧಾನವಾಗಿ ಬಾರಪ್ಪ' ಎಂದರೆ ಅವಸರ ಬೇಡ, ನಿಧಾನವಾಗಿ ಬಾ ಎಂದು. ಗಮನ ಮತ್ತು ನಿಧಾನ, ಎರಡೂ ಒಂದೇ ಪದದಲ್ಲಿ! ಸಿಟ್ಟಿನ ಗಳಿಗೆಯಲ್ಲಿ ನಮಗೆ ಬೇಕಾದವು ಇವೇ ಎರಡು.

ಹಾರ್ವರ್ಡ್ ವಿಶ್ವವಿದ್ಯಾಲಯದ ಇಬ್ಬರು ಮನಶ್ಶಾಸ್ತ್ರಜ್ಞರು 2010ರಲ್ಲಿ 2250 ಜನರನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಫೋನಿನ ಮೂಲಕ, 'ಈಗ ಏನು ಮಾಡುತ್ತಿದ್ದೀರಿ, ಏನು ಯೋಚಿಸುತ್ತಿದ್ದೀರಿ, ಮನಸ್ಸು ಹೇಗಿದೆ' ಎಂದು ಕೇಳಿ ನೋಡಿದರು. ಹೆಚ್ಚುಕಡಿಮೆ ಶೇಕಡಾ 47ರಷ್ಟು ಸಲ ಜನರ ಮನಸ್ಸು ಮಾಡುತ್ತಿದ್ದ ಕೆಲಸವನ್ನು ಬಿಟ್ಟು ಬೇರೆಲ್ಲೋ ಇತ್ತು. ಹಾಗೆ ಅಲೆಯುತ್ತಿದ್ದ ಹೊತ್ತಿನಲ್ಲಿ ಅವರು ಕಡಿಮೆ ಸಂತೋಷವಾಗಿದ್ದರು. ಅಮ್ಮನ ಫೋನು ಬಂದಾಗ ನಾನೂ ಮನೆಯಲ್ಲಿರಲಿಲ್ಲ. ದೇಹ ಮನೆಗೆ ಬಂದಿತ್ತು, ಮನಸ್ಸು ಇನ್ನೂ ಕುರ್ಲಾದಲ್ಲೇ ನಿಂತಿತ್ತು.

ಹೆಸರಿಟ್ಟರೆ ಹಗುರ

ಈಗ ಮುಖ್ಯ ವಿಷಯಕ್ಕೆ ಬರೋಣ. ಭಾವನೆ ಉಕ್ಕಿದಾಗ ಅದನ್ನು ಗಮನಿಸಿ ಅದಕ್ಕೊಂದು ಹೆಸರಿಡಿ. ಇಷ್ಟೇ. ಕೇಳಲು ತೀರಾ ಸಣ್ಣ ಉಪಾಯ ಎನಿಸುತ್ತದೆ, ಅಲ್ಲವೇ? ಆದರೆ ಇದರ ಬಗ್ಗೆ ನಡೆದ ಪ್ರಯೋಗಗಳು ಕುತೂಹಲಕರವಾಗಿವೆ.

2007ರಲ್ಲಿ ಲಾಸ್ ಏಂಜಲಿಸ್‌ನ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು, ಸಿಟ್ಟು, ಭಯ ತುಂಬಿದ ಮುಖಗಳ ಚಿತ್ರಗಳನ್ನು ಜನರಿಗೆ ತೋರಿಸುತ್ತ ಅವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಆ ಮುಖದಲ್ಲಿರುವ ಭಾವನೆಗೆ 'ಸಿಟ್ಟು', 'ಭಯ' ಎಂದು ಹೆಸರು ಆರಿಸಿದಾಗ ಅಮಿಗ್ಡಲಾದ ಚಟುವಟಿಕೆ ತಗ್ಗಿತು. ಹಣೆಯ ಹಿಂದಿರುವ, ಯೋಚಿಸಿ ತಡೆಯುವ ಕೆಲಸದಲ್ಲಿ ಪಾಲುಗೊಳ್ಳುವ ಮಿದುಳಿನ ಭಾಗ ಚುರುಕಾಯಿತು. ಭಾವನೆಯ ಬದಲು ಆ ವ್ಯಕ್ತಿಗೆ ಒಂದು ಹೆಸರು ಆರಿಸಲು ಹೇಳಿದಾಗ ಅಷ್ಟು ಪರಿಣಾಮ ಕಾಣಲಿಲ್ಲ. 2012ರಲ್ಲಿ ಅದೇ ವಿಶ್ವವಿದ್ಯಾಲಯದವರು ಜೇಡಕ್ಕೆ ಹೆದರುವ ಜನರ ಮೇಲೆ ಪ್ರಯೋಗ ನಡೆಸಿದರು. ಜೇಡದ ಎದುರು ನಿಂತು ತಮ್ಮ ಭಯವನ್ನು ಬಾಯಿಬಿಟ್ಟು ಹೆಸರಿಸಿದವರಲ್ಲಿ, ಒಂದು ವಾರದ ನಂತರ ಮತ್ತೆ ಜೇಡವನ್ನು ಕಂಡಾಗ ಅಂಗೈ ಬೆವರುವುದು ಉಳಿದವರಿಗಿಂತ ಕಡಿಮೆಯಾಗಿತ್ತು.

ಹೆಸರು ಎಷ್ಟು ನಿಖರವೋ ಅಷ್ಟು ಒಳ್ಳೆಯದು ಎನ್ನುತ್ತಾರೆ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಎಂಬ ಮನಶ್ಶಾಸ್ತ್ರಜ್ಞೆ. ಎಲ್ಲವನ್ನೂ 'ಕೆಟ್ಟದೆನಿಸುತ್ತಿದೆ' ಎಂದು ಒಂದೇ ಗಂಟು ಕಟ್ಟುವವರಿಗಿಂತ, ತಮ್ಮ ಭಾವನೆಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲವರು ಕಷ್ಟದ ಹೊತ್ತನ್ನು ಚೆನ್ನಾಗಿ ನಿಭಾಯಿಸುತ್ತಾರಂತೆ.

ಇಲ್ಲಿ ಕನ್ನಡಿಗರಾದ ನಮಗೆ ಒಂದು ಸಿರಿಯೇ ಇದೆ. 'ಯಾಕೋ ಬೇಜಾರು' ಎನ್ನುತ್ತೇವಲ್ಲ, ಆ ಬೇಜಾರು ಒಂದು ಚೀಲವಿದ್ದಂತೆ. ಬಿಚ್ಚಿ ನೋಡಿದರೆ ಒಳಗೆ ಎಷ್ಟೊಂದು ಇದೆ!

ಕಿರಿಕಿರಿ: ಗದ್ದಲ, ಸೆಕೆ, ತಳ್ಳಾಟದಿಂದ ಆದದ್ದು. ಸ್ನಾನ ಮಾಡಿದರೆ ಅರ್ಧ ಹೋಗುತ್ತದೆ.

ಸಿಡಿಮಿಡಿ: ಸಣ್ಣ ಸಣ್ಣ ಕಿರಿಕಿರಿಗಳು ಒಟ್ಟಾಗಿ ಯಾರು ಮಾತಾಡಿಸಿದರೂ ಸಿಡಿಯುವ ಸ್ಥಿತಿ.

ಮುನಿಸು: ಹತ್ತಿರದವರ ಮೇಲೆ ಮಾತ್ರ ಬರುವುದು. ಅವರಾಗಿ ಬಂದು ರಮಿಸಲಿ ಎಂಬ ಆಸೆ ಅದರೊಳಗೇ ಇರುತ್ತದೆ.

ಅಳುಕು: ನಮ್ಮ ತಪ್ಪು ನಮಗೇ ಗೊತ್ತಿದ್ದಾಗ ಒಳಗೊಳಗೇ ಕುಗ್ಗುವುದು.

ತಳಮಳ: ಮುಂದೇನಾಗುವುದೋ ಎಂದು ಮನಸ್ಸು ನಿಂತಲ್ಲಿ ನಿಲ್ಲದಿರುವುದು.

ಹಳಹಳಿಕೆ: ಆಗಿಹೋದದ್ದನ್ನು ನೆನೆನೆನೆದು ನೋಯುವುದು.

ದುಗುಡ: ಮಾತು ಹೊರಡದಂಥ ಭಾರ.

ಇವುಗಳಲ್ಲಿ ಯಾವುದು ಎಂದು ತಿಳಿದರೆ ಏನು ಬೇಕು ಎಂಬುದೂ ತಿಳಿಯುತ್ತದೆ. ಕಿರಿಕಿರಿಗೆ ಹತ್ತು ನಿಮಿಷದ ಬಿಡುವು ಸಾಕು. ಮುನಿಸಿಗೆ ಒಂದು ಮಾತು ಬೇಕು. ದುಗುಡಕ್ಕೆ ಪಕ್ಕದಲ್ಲಿ ಒಬ್ಬರು ಸುಮ್ಮನೆ ಕೂರಬೇಕು.

ಆ ಮಳೆಯ ರಾತ್ರಿಯನ್ನು ನಾನು ಆಮೇಲೆ ಹಲವು ಸಲ ಹೀಗೆ ಬಿಚ್ಚಿ ನೋಡಿದ್ದೇನೆ. ನನಗೆ ಅಮ್ಮನ ಮೇಲೆ ಸಿಟ್ಟಿರಲಿಲ್ಲ. ಮೇಲುಪದರದಲ್ಲಿ ದಣಿವಿತ್ತು, ಅದರ ಕೆಳಗೆ, ಎರಡು ದಿನ ಫೋನ್ ಮಾಡಿಲ್ಲವಲ್ಲ ಎಂಬ ಅಳುಕಿತ್ತು. ಅಮ್ಮ ಅದನ್ನೇ ಮುಟ್ಟಿದಳು. ಅಳುಕು ಸಿಟ್ಟಿನ ವೇಷ ಹಾಕಿಕೊಂಡು ಹೊರಗೆ ಬಂತು. 'ಇದು ಅಳುಕು' ಎಂದು ಒಂದು ಉಸಿರಿನಷ್ಟು ಹೊತ್ತು ನನಗೆ ಹೊಳೆದಿದ್ದರೆ, 'ಹೌದಮ್ಮ, ಮಾಡಬೇಕಿತ್ತು, ತಪ್ಪಾಯ್ತು' ಎಂದಿರುತ್ತಿದ್ದೆ. ಅಷ್ಟಕ್ಕೇ ಮುಗಿಯುತ್ತಿತ್ತು.

ಹೊರನಾಡಿನಲ್ಲಿರುವ ನಾವು ದಿನವಿಡೀ ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿ ಬದುಕುತ್ತೇವೆ. ಆಫೀಸಿನಲ್ಲಿ 'ಸ್ಟ್ರೆಸ್', 'ಟೆನ್ಷನ್' ಎಂಬೆರಡು ಪದಗಳಲ್ಲೇ ಎಲ್ಲ ಮುಗಿಯುತ್ತದೆ. ಟರ್ಕಿಶ್ ಮನೆಮಾತಾಗಿದ್ದು ಆಮೇಲೆ ಇಂಗ್ಲಿಷ್ ಕಲಿತವರ ಮೇಲೆ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಚಿಕ್ಕಂದಿನಲ್ಲಿ ಕೇಳಿದಂಥ ಬೈಗುಳಗಳನ್ನು ಎರಡೂ ಭಾಷೆಯಲ್ಲಿ ಕೇಳಿಸಿದರು. ಮನೆಮಾತಿನ ಬೈಗುಳಕ್ಕೆ ಅವರ ಮೈ ಹೆಚ್ಚು ಜೋರಾಗಿ ಪ್ರತಿಕ್ರಿಯಿಸಿತು. ತಾಯ್ನುಡಿ ಮೈಗೆ ಅಷ್ಟು ಹತ್ತಿರ. ಹಾಗಾಗಿ ಭಾವನೆಗೆ ಹೆಸರಿಡುವಾಗ ಕನ್ನಡದಲ್ಲೇ ಇಟ್ಟು ನೋಡಿ. 'ಐ ಯಾಮ್ ಸ್ಟ್ರೆಸ್ಡ್' ಎನ್ನುವುದಕ್ಕೂ 'ತಳಮಳ ಆಗ್ತಿದೆ' ಎನ್ನುವುದಕ್ಕೂ ಇರುವ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಮನಸ್ಸು ಕಟ್ಟುವ ಕಥೆ

ಹೆಸರಿಟ್ಟ ಮೇಲೆ ಇನ್ನೊಂದು ಹೆಜ್ಜೆ ಇದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆರನ್ ಬೆಕ್ ಎಂಬ ಮನೋವೈದ್ಯರು 1960ರ ದಶಕದಲ್ಲಿ ಖಿನ್ನತೆಯ ರೋಗಿಗಳನ್ನು ನೋಡುತ್ತಿದ್ದಾಗ ಒಂದು ಅಂಶ ಗಮನಿಸಿದರು. ಘಟನೆಗೂ ಭಾವನೆಗೂ ನಡುವೆ ಒಂದು ಯೋಚನೆ ಮಿಂಚಿನಂತೆ ಬಂದುಹೋಗುತ್ತದೆ. ನಾವು ಅದನ್ನು ಯೋಚನೆ ಎಂದು ಗುರುತಿಸುವುದೇ ಇಲ್ಲ, ಸತ್ಯ ಎಂದೇ ನಂಬುತ್ತೇವೆ. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಅರಿವು-ವರ್ತನೆ ಚಿಕಿತ್ಸೆಯ ಮೂಲ ಇದು.

ಒಂದು ಉದಾಹರಣೆ. ಮಧ್ಯಾಹ್ನ ಹೆಂಡತಿ ಗಂಡನಿಗೆ ವಾಟ್ಸಾಪ್ ಕಳಿಸುತ್ತಾಳೆ: 'ಅತ್ತೆಗೆ ಹುಷಾರಿಲ್ಲ, ಬೇಗ ಬನ್ನಿ.' ಎರಡು ನೀಲಿ ಗೆರೆ ಬರುತ್ತವೆ, ಉತ್ತರ ಬರುವುದಿಲ್ಲ. ನಡೆದದ್ದು ಇಷ್ಟು. ಮನಸ್ಸು ಕಟ್ಟಿದ ಕಥೆ: 'ಅವರ ಅಮ್ಮನೇ ಆದರೂ ನಾನೇ ನೋಡಿಕೊಳ್ಳಬೇಕು. ನನ್ನ ಮಾತಿಗೆ ಬೆಲೆ ಇಲ್ಲ.' ಸಂಜೆ ಬಾಗಿಲು ತೆಗೆಯುವಾಗ ಎದುರಿಗೆ ಬರುವುದು ಈ ಕಥೆ. ಅವನೋ, ಓದಿದೊಡನೆ ರಜೆ ಕೇಳಲು ಮೇಲಧಿಕಾರಿಯ ಬಳಿ ಓಡಿ, ಸಿಕ್ಕಿದ ಗಾಡಿ ಹತ್ತಿ ಬಂದಿರಬಹುದು. ಬಾರದೆಯೂ ಇರಬಹುದು! ಎಲ್ಲವನ್ನೂ ಒಳ್ಳೆಯದೆಂದೇ ನಂಬಿ ಎಂದು ಬೆಕ್ ಹೇಳಲಿಲ್ಲ. ನಡೆದದ್ದೇನು, ನಾನು ಅಂದುಕೊಂಡದ್ದೇನು, ಬೇರೆ ಏನಿರಬಹುದು ಎಂದು ಮೂರು ಸಾಲು ಬರೆದು ನೋಡಿ ಎಂಬುದು ಅವರ ವಿಧಾನದ ಸಾರ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆ ಇದಕ್ಕೆ ಸಾಕು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕವೇ?

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಗಾಟ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ದಂಪತಿಗಳನ್ನು ಕೂರಿಸಿ, ಜಗಳದ ವಿಷಯವೊಂದನ್ನೇ ಮಾತಾಡಲು ಹೇಳಿ, ಅವರ ಮಾತು, ಮುಖಭಾವ, ಎದೆ ಬಡಿತ ಎಲ್ಲವನ್ನೂ ದಾಖಲಿಸಿ, ಅದೇ ದಂಪತಿಗಳನ್ನು ವರ್ಷಗಟ್ಟಲೆ ಗಮನಿಸಿದರು. ಚೆನ್ನಾಗಿ ಬಾಳಿದವರೂ ಜಗಳವಾಡುತ್ತಿದ್ದರು! ಆಡುವ ರೀತಿಯಲ್ಲಿ ವ್ಯತ್ಯಾಸವಿತ್ತು. ಸಂಬಂಧವನ್ನು ಕೊರೆಯುವ ನಾಲ್ಕು ಅಭ್ಯಾಸಗಳನ್ನು ಅವರು ಗುರುತಿಸಿದರು. ಗ್ಯಾಸ್ ಸಿಲಿಂಡರ್ ಬುಕ್ ಮಾಡಲು ಮರೆತ ಒಂದೇ ಸಂಗತಿಯಲ್ಲಿ ನಾಲ್ಕನ್ನೂ ನೋಡಬಹುದು.

ದೂಷಣೆ: "ಮನೆ ಅಂದ್ರೆ ನಿಮಗೆ ಯಾವತ್ತೂ ಲಕ್ಷ್ಯ ಇಲ್ಲ." ಮರೆತದ್ದು ಸಿಲಿಂಡರು, ತಪ್ಪು ಹೊರಿಸಿದ್ದು ಇಡೀ ಮನುಷ್ಯನ ಮೇಲೆ.

ಸಮರ್ಥನೆ: "ನೀನೇನು ಕಮ್ಮಿ? ಹೋದ ತಿಂಗಳು ಕರೆಂಟ್ ಬಿಲ್ ಮರೆತಿರಲಿಲ್ವಾ?"

ತಾತ್ಸಾರ: "ಓಹೋ, ದೊಡ್ಡ ಆಫೀಸರು! ಒಂದು ಸಿಲಿಂಡರ್ ಬುಕ್ ಮಾಡೋಕೆ ಬರಲ್ಲ." ನಾಲ್ಕರಲ್ಲಿ ಹೆಚ್ಚು ವಿಷ ಇದರಲ್ಲೇ ಎನ್ನುತ್ತಾರೆ ಗಾಟ್‌ಮನ್.

ಮೌನದ ಗೋಡೆ: ಒಂದು ಮಾತೂ ಇಲ್ಲದೆ ಟಿವಿಯತ್ತ ಮುಖ ಮಾಡಿ ಕೂತುಬಿಡುವುದು.

ಬದಲಿಗೆ ಹೇಗೆ ಹೇಳಬಹುದು? "ರೀ, ಗ್ಯಾಸ್ ಮುಗೀತು, ಬೆಳಿಗ್ಗೆ ಡಬ್ಬಿಗೆ ಏನು ಮಾಡೋದು ಅಂತ ನನಗೆ ತಳಮಳ ಆಗ್ತಿದೆ. ಈಗಲೇ ಬುಕ್ ಮಾಡ್ತೀರಾ?" ನಡೆದದ್ದು, ನನ್ನ ಭಾವನೆ, ನನಗೆ ಬೇಕಾದದ್ದು, ಮೂರೂ ಇದರಲ್ಲಿದೆ. ಮೇಲೆ ಹೇಳಿದ ಹೆಸರಿಡುವ ಅಭ್ಯಾಸವಿಲ್ಲದೆ ಇಂಥ ಮಾತು ಬಾಯಿಗೆ ಬರುವುದಿಲ್ಲ.

ಎದೆ ಬಡಿತ ನಿಮಿಷಕ್ಕೆ ನೂರು ದಾಟಿದ ಮೇಲೆ ಎದುರಿನವರ ಮಾತು ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯುವುದಿಲ್ಲ, ಆಗ ಕನಿಷ್ಠ ಇಪ್ಪತ್ತು ನಿಮಿಷ ಬಿಡುವು ಬೇಕು ಎಂದೂ ಗಾಟ್‌ಮನ್ ಹೇಳುತ್ತಾರೆ. ಒಂದು ಕೋಣೆ, ಒಂದು ಅಡುಗೆಮನೆಯ ನಮ್ಮ ಮುಂಬಯಿ ಮನೆಯಲ್ಲಿ ಬಿಡುವು ತೆಗೆದುಕೊಳ್ಳಲು ಎಲ್ಲಿಗೆ ಹೋಗೋಣ ಎನ್ನುತ್ತೀರಾ? ತಾರಸಿಗೆ ಹೋಗಿ, ಕೆಳಗಿಳಿದು ಹಾಲು ತನ್ನಿ, ಕಟ್ಟಡದ ಸುತ್ತ ನಡೆಯಿರಿ. ಆದರೆ ಹೋಗುವ ಮುನ್ನ "ಈಗ ನನಗೆ ಸಿಟ್ಟು ಬಂದಿದೆ, ಅರ್ಧ ಗಂಟೆ ಬಿಟ್ಟು ಬಂದು ಮಾತಾಡ್ತೀನಿ" ಎಂದು ಹೇಳಿ ಹೋಗಿ. ಹೇಳಿದಂತೆ ಬಂದು ಮಾತಾಡಿ. ಹಾಗೆ ಹೇಳದೆ ಎದ್ದು ಹೋದರೆ ಎದುರಿನವರ ಪಾಲಿಗೆ ಅದೂ ಗೋಡೆಯೇ.

ಮಾಟುಂಗಾದಿಂದ ಸಾಯನ್‌ವರೆಗೆ

ಇದಕ್ಕೆಲ್ಲ ಸಮಯ ಎಲ್ಲಿದೆ ಎಂದು ಕೇಳುವವರಿಗೆ ಒಂದು ಮೂರು ನಿಮಿಷದ ಅಭ್ಯಾಸ. ಮಾಟುಂಗಾದಿಂದ ಸಾಯನ್‌ಗೆ ನಿಧಾನದ ಲೋಕಲ್ ಹೋಗುವಷ್ಟು ಹೊತ್ತು.

ಮೊದಲ ನಿಮಿಷ: ಈಗ ನನ್ನೊಳಗೆ ಏನಿದೆ? ಮೈ ಎಲ್ಲಿ ಬಿಗಿದಿದೆ? ಯಾವ ಯೋಚನೆ ಓಡುತ್ತಿದೆ? ಭಾವನೆಗೆ ಕನ್ನಡದಲ್ಲಿ ಒಂದು ಹೆಸರು ಕೊಡಿ.

ಎರಡನೆಯ ನಿಮಿಷ: ಉಸಿರಿನ ಮೇಲಷ್ಟೇ ಗಮನ. ಮನಸ್ಸು ಓಡಿಹೋಗುತ್ತದೆ, ಓಡಲಿ. ಗೊತ್ತಾದೊಡನೆ ಬೈದುಕೊಳ್ಳದೆ ಹಿಂದಕ್ಕೆ ಕರೆತನ್ನಿ. ಹಾಗೆ ಕರೆತರುವುದೇ ಅಭ್ಯಾಸ.

ಮೂರನೆಯ ನಿಮಿಷ: ಗಮನವನ್ನು ಇಡೀ ಮೈಗೆ ಹರಡಿ. ಕಾಲ ಕೆಳಗಿನ ನೆಲ, ಹಿಡಿದ ಹಿಡಿಕೆ, ಸುತ್ತಲಿನ ಸದ್ದು. ಆಮೇಲೆ ಕೇಳಿಕೊಳ್ಳಿ: ಈಗ ಮನೆಗೆ ಹೋದೊಡನೆ ನಾನು ಆಡುವ ಮೊದಲ ಮಾತು ಯಾವುದು?

ಕಣ್ಣು ಮುಚ್ಚಬೇಕಿಲ್ಲ. ಜೇಬಿನ ಮೇಲೂ ಒಂದು ಕಣ್ಣಿರಲಿ!

ಎಲ್ಲ ಕಾಯಿಲೆಗೂ ಇದೇ ಮದ್ದಲ್ಲ

ಒಂದು ಎಚ್ಚರಿಕೆಯ ಮಾತು. 2014ರಲ್ಲಿ 47 ಪ್ರಯೋಗಗಳನ್ನು, ಒಟ್ಟು 3515 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದ ಅಧ್ಯಯನವೊಂದು, ಸಾವಧಾನದ ಧ್ಯಾನದಿಂದ ಆತಂಕ ಮತ್ತು ಖಿನ್ನತೆ ಸ್ವಲ್ಪಮಟ್ಟಿಗೆ ಇಳಿಯುತ್ತವೆ ಎಂದು ಕಂಡುಕೊಂಡಿತು. ಔಷಧಿ ಅಥವಾ ವ್ಯಾಯಾಮಕ್ಕಿಂತ ಅದು ಮೇಲು ಎನ್ನಲು ಪುರಾವೆ ಸಿಗಲಿಲ್ಲ. ಆದ್ದರಿಂದ ನುಂಗುತ್ತಿರುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ಬಿಡಬೇಡಿ. ಎರಡು ವಾರಕ್ಕೂ ಮೀರಿ ದುಗುಡ ಇಳಿಯದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಬದುಕೇ ಬೇಡ ಎನಿಸಿದರೆ ತಡಮಾಡದೆ ವೈದ್ಯರನ್ನು ಕಾಣಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ. ಭಾಷೆ ಆರಿಸಿಕೊಳ್ಳಬಹುದು, ಅವುಗಳಲ್ಲಿ ಕನ್ನಡವೂ ಇದೆ.

ಹಾಗೆಯೇ, ಹೊಡೆತ ಬಡಿತ ಇರುವ ಮನೆಯಲ್ಲಿ 'ನೀನು ಸಮಾಧಾನ ತಂದುಕೋ' ಎಂದು ಪೆಟ್ಟು ತಿನ್ನುವವರಿಗೆ ಬುದ್ಧಿ ಹೇಳುವುದು ಅನ್ಯಾಯ. ಅಲ್ಲಿ ಬೇಕಾದದ್ದು ರಕ್ಷಣೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ, ಮಹಿಳಾ ಸಹಾಯವಾಣಿ 181 ಇದೆ.

ಮನಸ್ಸಿನ ಆರೋಗ್ಯದ ಮಾತು ಕನ್ನಡಕ್ಕೆ ಹೊಸತಲ್ಲ. 1942ರಲ್ಲಿ 'ಕೊರವಂಜಿ' ಹಾಸ್ಯ ಪತ್ರಿಕೆ ಆರಂಭಿಸಿ ನಾಡನ್ನೇ ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ವೃತ್ತಿಯಿಂದ ವೈದ್ಯರು. ಮನಸ್ಸನ್ನು ಕುರಿತ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಸರಳ ಪುಸ್ತಕಗಳೂ ಬಹಳಷ್ಟಿವೆ. ಸಲ ಊರಿಗೆ ಹೋದಾಗ ಉಪ್ಪಿನಕಾಯಿ ಭರಣಿಯ ಜೊತೆ ಇಂಥದ್ದೊಂದು ಪುಸ್ತಕವೂ ಚೀಲದಲ್ಲಿರಲಿ.

ಅಮ್ಮನ ಫೋನು ಈಗಲೂ ರಾತ್ರಿ ಹತ್ತಕ್ಕೇ ಬರುತ್ತದೆ, ನಾನು ಚಪ್ಪಲಿ ಬಿಡುವ ಹೊತ್ತಿಗೇ. ಗಂಟೆ ಎರಡು ಸಲ ಬಡಿಯಲು ಬಿಡುತ್ತೇನೆ. ಒಂದು ಉಸಿರು ತೆಗೆದುಕೊಳ್ಳುತ್ತೇನೆ. 'ದಣಿವು' ಎಂದೋ, 'ಅಳುಕು' ಎಂದೋ ಮನಸ್ಸಿನಲ್ಲೇ ಒಂದು ಹೆಸರಿಡುತ್ತೇನೆ. ಆಮೇಲೆ ಫೋನೆತ್ತಿ, "ಅಮ್ಮ, ಈಗ ತಾನೇ ಬಂದೆ, ತುಂಬಾ ದಣಿದಿದ್ದೀನಿ. ಉಂಡು ಮಾಡಲಾ?" ಎನ್ನುತ್ತೇನೆ.

"ಉಣ್ಣು, ಉಣ್ಣು. ಏನು ಅಡುಗೆ?" ಎನ್ನುತ್ತಾಳೆ. ಮಾತು ಅಲ್ಲಿಂದಲೇ ಶುರುವಾಗಿ ಅರ್ಧ ಗಂಟೆ ಹೋಗುತ್ತದೆ. ಊಟ ಆರುತ್ತದೆ, ಆರಲಿ.

ಈ ವಾರ ನೀವೂ ಪ್ರಯತ್ನಿಸಿ ನೋಡಿ. ನಿಮ್ಮ ಮನೆಯಲ್ಲಿ, ನಿಮ್ಮ ಊರಿನಲ್ಲಿ ಭಾವನೆಗಳಿಗೆ ಇರುವ, ಇಲ್ಲಿ ಬಿಟ್ಟುಹೋದ ಕನ್ನಡ ಪದಗಳಿದ್ದರೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಂಚಿಕೊಳ್ಳೋಣ. ಅಲ್ಲಿಯವರೆಗೆ ಸಾವಧಾನವಾಗಿರಿ!